ಗ್ರಬ್ ಎಂದು ಯಾರು ಯಾರಿಗೆ ಹೇಳಬಹುದು

ನಾನು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಹಗೆಯಿಂದ ಅಂದದ್ದಲ್ಲ. ಅಪ್ಪ ಹೋದ ಮೇಲೆ ನನ್ನನ್ನೂ ಅಮ್ಮನನ್ನೂ ಹೊಸನಗರದ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು ಅವರೇ. ಮದುವೆ ಮನೆಗಳಿಗೆ ಅಡುಗೆ ಮಾಡುವುದು ಅವರ ಕೆಲಸ. ಅಮ್ಮ ಅವರ ತಂಡದಲ್ಲಿದ್ದಳು, ರಜೆ ಬಂದರೆ ಬಡಿಸಲು ನಾನೂ ಹೋಗುತ್ತಿದ್ದೆ.

"ನಮ್ಮ ಮನೇಲಿ ಪಿಯುಸಿ ದಾಟಿದೋರೇ ಇಲ್ಲ ಮಾರಾಯ್ತಿ. ನೀನು ಹೋಗಿ ಹೋಗಿ ಇಂಗ್ಲಿಷನ್ನೇ ಹಿಡ್ಕಂಡಿದೀಯಲ್ಲ!" ಎನ್ನುತ್ತಿದ್ದರು ಮಾವ.

ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಮತ್ತೆ ಬರೆದು ಪಾಸಾದೆ, ಆದರೆ ಮಾವ ಷರತ್ತು ಹಾಕಿದರು. "ಇನ್ನೊಂದ್ಸಲ ಫೇಲಾದ್ರೆ ಬ್ಯಾಗ್ ಮೂಲೆಗೆ, ಸೌಟು ಕೈಗೆ. ಆಯ್ತಾ?"

"ಆಯ್ತು," ಎಂದೆ.

ಕೊನೆಯ ಸೆಮಿಸ್ಟರಿನಲ್ಲಿ ಸಾಗರದ ನಮ್ಮ ಕಾಲೇಜಿನ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಪದ ಕೊಟ್ಟು, ಅದರ ಮೇಲೆ ಇಂಗ್ಲಿಷಿನಲ್ಲೇ ಸೆಮಿನಾರ್ ಮಾಡಬೇಕೆಂದರು. ಅದರ ಅಂಕ ಬಾರದಿದ್ದರೆ ಡಿಗ್ರಿಯೂ ಇಲ್ಲ. ನನಗೆ ಸಿಕ್ಕಿದ್ದು 'ಗ್ರಬ್'. ನಿಘಂಟು ತೆರೆದೆ. ಮಣ್ಣಿನೊಳಗಿನ ಹುಳ ಎಂದಿತ್ತು. ಅದು ಗೊತ್ತಿದ್ದದ್ದೇ, ಅಡಿಕೆ ಬೇರು ತಿನ್ನುವ ಹುಳವನ್ನು ಕೃಷಿ ಇಲಾಖೆಯವರು ಹಾಗೇ ಕರೆಯುತ್ತಾರೆ. ಕೆಳಗೆ ಇನ್ನೊಂದು ಅರ್ಥ: ಆಹಾರ, ಆಡುಮಾತಿನಲ್ಲಿ. ಎರಡನ್ನೂ ಬರೆದುಕೊಂಡು ಹೋಗಿ ತೋರಿಸಿದೆ.

"ಅರ್ಥ ಯಾರು ಬೇಕಾದ್ರೂ ಹೇಳ್ತಾರಮ್ಮ. ಊಟಕ್ಕೆ ಆ ಪದಾನ ಯಾರು, ಯಾರಿಗೆ, ಯಾವಾಗ ಹೇಳ್ತಾರೆ? ಅದು ಬೇಕು ನಂಗೆ," ಎಂದರು ಮೇಷ್ಟ್ರು.

ನಾನು ಇಂಗ್ಲಿಷ್ ಮಾತಾಡುವವರ ಮನೆಯಲ್ಲಿ ಒಂದು ಲೋಟ ನೀರೂ ಕುಡಿದವಳಲ್ಲ. ಎಲ್ಲಿಂದ ತರಲಿ?

ಆ ಭಾನುವಾರ ಮೇಳಿಗೆಯಲ್ಲೊಂದು ಮದುವೆ. ನೆಂಟರ ಪಂಕ್ತಿಗಳೆಲ್ಲ ಮುಗಿದು, ಅಡುಗೆಯವರು ಹಿಂದಿನ ಚಪ್ಪರದಲ್ಲಿ ಎಲೆ ಹಾಕಿಕೊಂಡೆವು. ಮಾವ ಎಂದಿನಂತೆ ಕೂಗಿದರು: "ಬನ್ರೋ, ಕೂಳು ತಿನ್ನಣ!"

"ಇವತ್ತಾದ್ರೂ ಕೂಳಿಗೆ ತುಪ್ಪ ಇದ್ಯಾ ಭಾವ, ಎಲ್ಲ ನೆಂಟ್ರಿಗೇ ಸುರಿದ್ರಾ?" ಎಂದಳು ತೆಂಗಿನಕಾಯಿ ತುರಿಯುವ, ಮಾವನ ನಾದಿನಿ. ನಗು ಎದ್ದಿತು.

ಅಷ್ಟರಲ್ಲಿ ಮದುವೆ ಮನೆಯ ಕಡೆಯವನೊಬ್ಬ, ಇಸ್ತ್ರಿ ಮಾಡಿದ ಅಂಗಿಯವನು, ಚಪ್ಪರಕ್ಕೆ ತಲೆ ಹಾಕಿದ. "ಏನ್ರೋ, ಕೂಳು ತಿಂದಾಯ್ತಾ? ಬೇಗ ಬೇಗ ಪಾತ್ರೆ ಎತ್ತಿ."

ಎಲೆಯ ಮೇಲಿದ್ದ ಕೈಗಳೆಲ್ಲ ನಿಂತವು. ಮಾವ ತಲೆ ಎತ್ತಿ, ಸ್ವರ ಏರಿಸದೆ ಹೇಳಿದರು: "ಇಲ್ಲ ಸ್ವಾಮಿ. ಇನ್ನೂ ಊಟ ಮಾಡ್ತಾ ಇದೀವಿ."

ಅವನ ಮುಖ ಕೆಂಪಾಯಿತು. ಹೊರಟುಹೋದ. ಮಾವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ನನ್ನ ಸೆಮಿನಾರ್ ಆ ಎಲೆಯ ಮುಂದೆಯೇ ಸಿದ್ಧವಾಯಿತು.

ಮರುದಿನ ಸಾಗರದಲ್ಲಿ ತರಗತಿಯ ಮುಂದೆ ಎದ್ದು ನಿಂತೆ. ನನ್ನ ಇಂಗ್ಲಿಷಿನಲ್ಲಿ, ಕ್ರಿಯಾಪದಗಳು ಅಲ್ಲಲ್ಲಿ ಕಾಲು ಮುರಿದುಕೊಂಡರೂ, ಹೇಳಿದೆ: ಹಾಸ್ಟೆಲಿನ ಗೆಳೆಯರು ತಟ್ಟೆ ಬಡಿದು ಗ್ರಬ್ ಎಂದರೆ ಅದರಲ್ಲಿ ಹಸಿವಿದೆ, ಸಲುಗೆಯಿದೆ. ಅಡುಗೆ ಮಾಡಿದವಳು ತನ್ನ ಅಡುಗೆಗೇ ಹಾಗೆಂದರೆ ಅದು ವಿನಯ. ಕರೆದು ಉಣಿಸಿದ ಹಿರಿಯರಿಗೆ "ಗ್ರಬ್ ಚೆನ್ನಾಗಿತ್ತು" ಎಂದರೆ ಅವರ ಮುಖ ಸಪ್ಪಗಾದೀತು. ದುಡಿಯುವವರಿಗೆ ಮೇಲೆ ನಿಂತವನು ಹೇಳಿದರೆ ಅನ್ನವೂ ಸಣ್ಣದಾಗುತ್ತದೆ, ಉಣ್ಣುವವರೂ ಸಣ್ಣವರಾಗುತ್ತಾರೆ. ನಮ್ಮಲ್ಲಿ ಕೂಳು ಎಂಬ ಮಾತಿಗೂ ಇದೇ ಗತಿ ಎಂದು ಮೇಳಿಗೆಯ ಕಥೆ ಹೇಳಿದೆ.

ಹಿಂದಿನ ಬೆಂಚಿನವನು ಕೇಳಿದ: "ಹಂಗಾದ್ರೆ ನಾನು ನಿಮ್ಗೆ ಹೇಳ್ಬಹುದಾ, ಹೇಳ್ಬಾರ್ದಾ?" ಎಲ್ಲರೂ ಮುಸಿಮುಸಿ ನಕ್ಕರು.

"ನಮ್ಮ ಪಂಕ್ತಿಯಲ್ಲಿ ಕೂತು ಉಂಡರೆ ಹೇಳಬಹುದು," ಎಂದೆ, ಇಂಗ್ಲಿಷಿನಲ್ಲೇ, ಒಂದೂ ತಪ್ಪಿಲ್ಲದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಸಾಕು ಕೂತ್ಕೊಮ್ಮ. ಇದಕ್ಕೆ ಅಂಕ ಕಳೆಯೋಕೆ ನಂಗೆ ಜಾಗ ಕಾಣ್ತಿಲ್ಲ."

ಉಳಿದ ಪರೀಕ್ಷೆಗಳನ್ನೂ ಓದಿಯೇ ದಾಟಿದೆ, ಅದೃಷ್ಟದ ಹೆಸರು ಹೇಳುವುದಿಲ್ಲ.

ಪ್ರಮಾಣಪತ್ರ ಕಾಲೇಜಿನ ಕಚೇರಿಯಲ್ಲಿ ಕೈಗೆ ಬಂದ ದಿನ ಮಾವನ ತಂಡ ತೀರ್ಥಹಳ್ಳಿಯ ಛತ್ರದಲ್ಲಿತ್ತು. ಮನೆಗೆ ಹೋಗದೆ ನೇರ ಅಲ್ಲಿಗೇ ಬಸ್ಸು ಹತ್ತಿದೆ. ಅಮ್ಮ ಹಾಳೆಯನ್ನು ದೂರದಿಂದಲೇ ನೋಡಿ, ಕೈ ಒದ್ದೆ ಎಂದು ಮುಟ್ಟಲಿಲ್ಲ, "ಅಣ್ಣಂಗೆ ಕೊಡು" ಎಂದಳು. ಮಾವ ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ ನನಗೇ ವಾಪಸು ಕೊಟ್ಟರು.

"ಪೂರಾ ಇಂಗ್ಲಿಷಲ್ಲೇ ಇದ್ಯಲ್ಲೇ. ಓದು, ಕೇಳ್ತೀನಿ," ಎಂದರು. ಆಮೇಲೆ ಒಳಕ್ಕೆ ತಿರುಗಿ ಕೂಗಿದರು: "ಗ್ರೈಂಡರ್ ಬಂದ್ ಮಾಡ್ರೋ! ನಮ್ಮ ಹುಡುಗಿ ಓದ್ತಾಳೆ."