ಬಾಲವಿಲ್ಲದ ಹಂದಿಗಳು

ಒಂದು ಹಂದಿ ಇನ್ನೊಂದರ ಬಾಲವನ್ನು ಕಚ್ಚಿ ಜಗಿಯುತ್ತಿತ್ತು. ರಕ್ತ ಸೋರುತ್ತಿತ್ತು. ನಾನು ಚೀರಿಬಿಟ್ಟೆ. ನೋಡಿದರೆ, ಆ ಇಕ್ಕಟ್ಟಾದ ಶೆಡ್ಡಿನಲ್ಲಿ ಒಂದಕ್ಕೂ ಪೂರ್ತಿ ಬಾಲವಿರಲಿಲ್ಲ!

ಶಹಾಪುರದ ನನ್ನ ಖಾನಾವಳಿಯಲ್ಲಿ ಉಳಿದ ಊಟವನ್ನು ಹಂದಿ ಸಾಕುವ ಹನುಮಂತಣ್ಣ ದಿನಾ ಡ್ರಮ್ಮಿನಲ್ಲಿ ಒಯ್ಯುತ್ತಾನೆ. ಅವನು ವಾಪಸು ತರದಿದ್ದ ಡ್ರಮ್ಮು ಕೇಳಲು ಸುರಪುರ ರಸ್ತೆಯ ಆ ಶೆಡ್ಡಿಗೆ ಹೋಗಿದ್ದೆ.

“ಯಣ್ಣಾ, ಇವನ್ನ ಉಪಾಸ ಕೆಡವಿಯೇನು?” ಎಂದೆ ಸಿಟ್ಟಿನಿಂದ.

“ಇಲ್ರೀ ಅಕ್ಕಾರ, ಹೊಟ್ಟಿ ತುಂಬೇದ. ನಿಮ್ಮ ಗಂಜಿ ಐದು ಮಿನಿಟಿನಾಗ ಕುಡದು ಬಿಡ್ತಾವ. ಆಮ್ಯಾಗ ಈ ಸಿಮೆಂಟ್ ನೆಲದಾಗ ಏನ್ ಕೆದರಬೇಕ್ರಿ? ಬಾಯಿಗೆ ಕೆಲಸಿಲ್ಲ, ಬಾಲಕ್ಕ ಬಾಯಿ ಹಾಕ್ತಾವ.”

ನನ್ನ ಗಂಜಿ! ಪಾಪ, ಮೂಕ ಪ್ರಾಣಿಗಳು ಸಲೀಸಾಗಿ ತಿನ್ನಲಿ ಎಂದು ದಂಟು, ನಾರು, ಸಿಪ್ಪೆಯನ್ನೆಲ್ಲ ಆರಿಸಿ ಬಿಸಾಡಿ, ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕೈಯಾರೆ ಕಿವುಚಿ ಕಳಿಸುತ್ತಿದ್ದವಳು ನಾನೇ.

ಮರುದಿನದಿಂದ ರೊಟ್ಟಿ ಒಣಗಿದ್ದು ಒಣಗಿದಂತೆಯೇ ಹೋಗುತ್ತಿದೆ, ಜೊತೆಗೆ ಮೆಂತ್ಯದ ದಂಟು, ಜಗಿಯಲೆಂದು ಒಂದು ಹೊರೆ ಜೋಳದ ಒಣದಂಟಿನ ಕಣಿಕೆ. ಕಿವುಚುವಾಗಲೆಲ್ಲ ಪುಣ್ಯದ ಕೆಲಸವೆಂದು ಒಳಗೊಳಗೇ ಬೀಗುತ್ತಿದ್ದೆ. ಈಗ ಆ ಮೋಟು ಬಾಲಗಳು ನೆನಪಾದರೆ, ಈ ಕೈಗಳನ್ನು ಎಷ್ಟು ತೊಳೆದರೂ ಸಾಲದು ಅನಿಸುತ್ತದೆ.