ಲವೋನ್ ಊದಿದ ಹಾರ್ನ್

ಪೂರ್ವ ಟೆಕ್ಸಸ್‌ನ ನಮ್ಮ ಪೆಟಿಗ್ರೂ ಕೆರೆ ಚಳಿಗಾಲದಲ್ಲೂ ತಣ್ಣಗಾಗುವುದಿಲ್ಲ. ವಿದ್ಯುತ್ ಸ್ಥಾವರ ತನ್ನ ಯಂತ್ರಗಳನ್ನು ತಂಪು ಮಾಡಿಕೊಂಡು ಬಿಸಿನೀರನ್ನು ಕೆರೆಗೇ ಬಿಡುತ್ತದೆ. ಬೇರೆ ಕಡೆ ಬಾಸ್ ಮೀನು ಮಂಕಾಗಿ ತಳ ಹಿಡಿಯುವ ಜನವರಿಯಲ್ಲಿ ಇಲ್ಲಿ ಅದು ಹಸಿದು ಓಡಾಡುತ್ತಿರುತ್ತದೆ. ಈ ಕೆರೆಯನ್ನು ಲವೋನ್ ಟಿಡ್ವೆಲ್‌ಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ನಾನು ದಡದ ಮೇಲಿನ ಅವಳ ಗಾಳದ ಸಾಮಾನಿನ ಅಂಗಡಿಯಲ್ಲಿ ಹನ್ನೊಂದು ವರ್ಷ ಕಾಫಿ ಕಾಸಿದವಳು.

ಗಂಡ ರಾಯ್ಸ್ ತೀರಿಕೊಂಡ ಮೇಲೆ ಲವೋನ್ ಅವನ ದೋಣಿಯನ್ನು ಮಾರದೆ ತಾನೇ ಓಡಿಸಲು ಕಲಿತಳು. ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹುಳುಗಳನ್ನು ಅಡುಗೆಮನೆಯಲ್ಲೇ ಎರಕ ಹೊಯ್ಯುವಳು. ಹೊರಗಿನಿಂದ ಬಂದವರನ್ನು ಕರೆದೊಯ್ದು ಮೀನು ಹಿಡಿಸುವಳು. ಬೆಳಿಗ್ಗೆ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವಳು: ನೀರು ಎಷ್ಟು ಬಿಸಿ, ಮೀನು ಎಷ್ಟು ಆಳದಲ್ಲಿದೆ, ಕದಡಿದ ನೀರಿಗೆ ಕಪ್ಪು-ನೀಲಿ ಹುಳು, ತಿಳಿನೀರಿಗೆ ಕುಂಬಳಕಾಯಿ ಹಸಿರು. ಮೀನು ಸಿಗದ ದಿನ ‘ಇವತ್ತು ಏನೂ ಇಲ್ಲ’ ಎಂದೂ ಬರೆಯುವಳು. ವ್ಯಾಪಾರ ಕೆಡುತ್ತದೆ ಅಂತ ನಾನು ಗೊಣಗಿದರೆ, ಸುಳ್ಳು ಬರೆದರೆ ನಾಳೆ ಯಾರು ಓದುತ್ತಾರೆ ಎನ್ನುವಳು.

ಆ ವರ್ಷದ ಮೀನುಗಾರಿಕೆ ಸ್ಪರ್ಧೆಗೆ ಎಪ್ಪತ್ತು ದೋಣಿಗಳು ಬಂದಿದ್ದವು. ಹಿಂದಿನ ದಿನವೇ ಬಡಗಣ ಗಾಳಿ ಬೀಸಿ ನೆಲ ಹೆಪ್ಪುಗಟ್ಟಿತ್ತು. ಕೆರೆಯ ನೀರು ಮಾತ್ರ ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗೆ. ಬೆಳಗಾಗುವಾಗ ನೀರಿನಿಂದ ಹಬೆ ಗೋಡೆಯಂತೆ ಎದ್ದು ನಿಂತಿತು. ದಡದಲ್ಲಿ ನಿಂತರೆ ಸ್ವಂತ ಕಾಲೇ ಕಾಣದು. ಕೊಕ್ಕರೆಗಳೂ ಮರ ಬಿಟ್ಟು ಇಳಿದಿರಲಿಲ್ಲ, ಸದ್ದೂ ಮಾಡಿರಲಿಲ್ಲ. ಲವೋನ್ ಹಲಗೆಯ ಮೇಲೆ ಒಂದೇ ಸಾಲು ಬರೆದಳು: ‘ಹಬೆ ಕರಗುವವರೆಗೆ ಹೊರಡಬೇಡಿ.’ ಸ್ಪರ್ಧೆ ನಡೆಸುವವರ ಬಳಿಗೂ ಹೋಗಿ ಒಂಬತ್ತರವರೆಗೆ ತಡೆಯಿರಿ ಎಂದಳು. ಅವರು ಗಡಿಯಾರ ನೋಡಿಕೊಂಡು, ಹೊತ್ತಿಗೆ ಸರಿಯಾಗಿ ಬಿಡುತ್ತೇವೆ ಎಂದರು.

ರಾಯ್ಸ್‌ನ ತಮ್ಮ ಹಾರ್ಲನ್ ದೋಣಿಗೆ ಪೆಟ್ರೋಲ್ ತುಂಬಿಸುತ್ತಿದ್ದ.

“ಅತ್ತಿಗೆ, ಹುಳು ಮಾರೋಳು ನೀನು, ಹುಳು ಮಾರು. ಈ ಹಬೇಲಿ ಮೀನಿಗೆ ನಾವೇ ಕಾಣಲ್ಲ. ಇವತ್ತೇ ಜಾಸ್ತಿ ಸಿಗೋದು.”

“ಮೀನಿಗೆ ನೀನು ಕಾಣ್ದಿದ್ರೆ ಬೇಡ ಹಾರ್ಲನ್. ನಿಂಗೆ ಮರದ ಬೊಡ್ಡೆಗಳು ಕಾಣ್ಬೇಕಲ್ಲ. ನೀನು ನೀರಿಗೆ ಬಿದ್ರೆ ಎಂಜಿನ್ ನಿಲ್ಸುತ್ತಲ್ಲ, ಆ ಕೆಂಪು ದಾರಾನಾದ್ರೂ ಸಿಕ್ಕಿಸ್ಕೋ.”

“ನಾನೇನು ಎಳೆಗರುನಾ, ಹಗ್ಗ ಹಾಕೋಕೆ?” ಎಂದು ನಕ್ಕ.

ಅವನೊಂದಿಗೆ ವಾದಿಸಿ ಫಲವಿಲ್ಲವೆಂದು ಲವೋನ್ ಎಲ್ಲರಿಗಿಂತ ಮೊದಲೇ ತನ್ನ ದೋಣಿ ಇಳಿಸಿದಳು. ಕೆರೆ ತುಂಬಿಸಿದಾಗ ಮುಳುಗಿದ ಮರಗಳ ಬೊಡ್ಡೆಗಳು ಬಿಸಿನೀರಿನ ಕಾಲುವೆಯ ಬಾಯಲ್ಲಿ ನೀರಿನ ಮಟ್ಟಕ್ಕೇ ನಿಂತಿವೆ. ಅಲ್ಲಿ ಲಂಗರು ಹಾಕಿ, ಇತ್ತ ಬರಬೇಡಿ ಎಂಬಂತೆ ನಿಮಿಷಕ್ಕೊಮ್ಮೆ ಹಾರ್ನ್ ಊದತೊಡಗಿದಳು. ಹೊರಡುವ ಸೂಚನೆ ಕೊಟ್ಟರು. ಎಪ್ಪತ್ತು ಎಂಜಿನ್‌ಗಳು ಮೊರೆದು ಒಂದೊಂದಾಗಿ ದೂರಾದವು.

ಸ್ವಲ್ಪ ಹೊತ್ತಿನಲ್ಲಿ ಒಂದು ಎಂಜಿನ್ ತಿರುಗಿ ಅವಳತ್ತಲೇ ಬರುವುದು ಕೇಳಿಸಿತು. ಅವಳು ಹಾರ್ನ್ ಒತ್ತಿ ಹಿಡಿದಳು. ಸದ್ದು ಇನ್ನೂ ಹತ್ತಿರವಾಯಿತು. ಬೊಡ್ಡೆಗೆ ಬಡಿದ ಶಬ್ದ. ಆಮೇಲೂ ಎಂಜಿನ್ ನಿಲ್ಲಲಿಲ್ಲ. ಹಬೆ ಸೀಳಿಕೊಂಡು ದೋಣಿ ಅವಳೆದುರೇ ಹಾದುಹೋಯಿತು. ಅದರಲ್ಲಿ ಯಾರೂ ಇರಲಿಲ್ಲ. ಮರೆಯಾಗಿ, ಸುತ್ತು ಹಾಕಿ, ಮತ್ತೆ ಬಂತು. ಆ ಸುತ್ತಿನ ಒಳಗೆಲ್ಲೋ ಹಾರ್ಲನ್ ಕಾಪಾಡಿ ಎಂದು ಕೂಗುತ್ತಿದ್ದ.

ಲವೋನ್ ಎಣಿಸಿದಳು. ಇಪ್ಪತ್ತೆರಡು ಎಣಿಸುವಷ್ಟರಲ್ಲಿ ಒಂದು ಸುತ್ತು. ಮೂರು ಸಲ ಎಣಿಸಿ ಖಾತ್ರಿ ಮಾಡಿಕೊಂಡು, ಲಂಗರಿನ ಹಗ್ಗ ಕತ್ತರಿಸಿ, ನಾಲ್ಕನೆಯ ಸಲ ದೋಣಿ ಹಾದುಹೋದೊಡನೆ ಸುತ್ತಿನ ಒಳಕ್ಕೆ ನುಗ್ಗಿದಳು. ಅವನ ಕೊರಳಪಟ್ಟಿ ಕೈಗೆ ಸಿಕ್ಕಾಗ ಹದಿನಾರು ಎಣಿಸಿಯಾಗಿತ್ತು. ಎಳೆದುಕೊಳ್ಳಲು ಹೊತ್ತಿರಲಿಲ್ಲ. ಅವನನ್ನು ಪಕ್ಕಕ್ಕೆ ಆನಿಸಿ ಹಿಡಿದುಕೊಂಡೇ ತನ್ನ ದೋಣಿಯನ್ನು ಸುತ್ತಿನ ಹೊರಗೆ ನಡೆಸಿದಳು. ಬೆನ್ನ ಹಿಂದೆ ಖಾಲಿ ದೋಣಿ ಹಾದುಹೋದದ್ದು ನೀರೆರಚಿದಾಗಲೇ ಗೊತ್ತಾದದ್ದು. ಪೆಟ್ರೋಲ್ ಮುಗಿಯುವವರೆಗೂ ಅದು ಸುತ್ತುತ್ತಲೇ ಇತ್ತು. ದಡದಲ್ಲಿದ್ದ ನಮಗೆ ಆ ಸದ್ದು ಹತ್ತೂವರೆಯವರೆಗೆ ಕೇಳಿಸಿತು.

ಬೀಳುವಾಗಲೇ ಎಂಜಿನ್ನಿನ ರೆಕ್ಕೆಗೆ ಸಿಕ್ಕಿದ್ದ ಹಾರ್ಲನ್‌ನ ಎಡಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವನು ಹೇಳಿದ:

“ದಿಕ್ಕು ತಪ್ಪಿತ್ತು ಅತ್ತಿಗೆ. ಹಾರ್ನ್ ಕೇಳ್ತು. ದಡದಿಂದ ಊದ್ತಿದಾರೆ ಅಂದ್ಕೊಂಡು ಅದ್ರ ಕಡೆಗೇ ತಿರುಗಿಸ್ದೆ.”

ಆ ಹಾರ್ನ್ ಯಾರದೆಂದು ಅವನಿಗೆ ತಿಳಿದಿರಲಿಲ್ಲ. ಲವೋನ್ ಅವನ ಹೊದಿಕೆಯ ಮಡಿಕೆಯನ್ನು ಸರಿಮಾಡಿ, “ಊದಿದ್ದು ನಾನು ಹಾರ್ಲನ್” ಎಂದಳು.

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ವಿಚಾರಣೆಗೆ ಬಂದ ಅಧಿಕಾರಿಗೂ, ಅವನು ಕೇಳುವ ಮೊದಲೇ, ಅವಳು ಇದನ್ನು ಹೇಳಿದಳು. ಅವನು ಬರೆದುಕೊಂಡು, ನಿಮ್ಮ ತಪ್ಪೇನಿಲ್ಲ ಎಂದ. ಈಗಲೂ ಭಾನುವಾರ ಅವಳು ಹಾರ್ಲನ್‌ನ ಮನೆಗೆ ಊಟ ಒಯ್ಯುತ್ತಾಳೆ. ಅವನು ಉಣ್ಣುತ್ತಾನೆ, ಮಾತಾಡುವುದಿಲ್ಲ. ಅವಳು ತಟ್ಟೆ ತೊಳೆದಿಟ್ಟು ಬರುತ್ತಾಳೆ.