ಹಳದಿ ಗಾರ್ಡಿನ ಚಿತ್ರ

ಕೊಲ್ಹಾಪುರದ ನಮ್ಮ ಮಗ್ಗ ತಯಾರಿಸುವ ಕಂಪನಿಯಲ್ಲಿ ನನ್ನ ಮೇಲಿದ್ದ ಸಾಹೇಬರು ಗಡಹಿಂಗ್ಲಜದ ಕಡೆಯವರು. ಪ್ರಿಂಟಾದ ಹಾಳೆ ಕೈಗೆ ಬಂದರೆ ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಮಗ್ಗದಲ್ಲಿ ಏನೇನು ಇರಬೇಕೆಂದು ಬರೆದಿಡುವ ಸಾಫ್ಟ್‌ವೇರ್ ಹೊಸದಾಗಿ ಬಂದಿತ್ತು. ಅದರ ರಿಪೋರ್ಟಿನಲ್ಲಿ ಚಿತ್ರದ ಜಾಗ ಖಾಲಿ ಚೌಕವಾಗಿ ಬರುತ್ತಿತ್ತು. ಸಾಹೇಬರು ಊಟ ಬಿಟ್ಟು ಕೂತು ಸೆಟಿಂಗ್ ತಿದ್ದಿದರು. ಕೊನೆಗೆ ಚಿತ್ರ ಮೂಡಿತು: ಕೈ ತಾಗದಂತೆ ಗಿಯರ್ ಮುಚ್ಚಿದ ಹಳದಿ ಗಾರ್ಡ್. ಅದನ್ನು ಹೆಬ್ಬೆರಳಿನಿಂದ ಸವರಿದರು.

"ಸರ್, ಗಾರ್ಡ್ ಚಿತ್ರದಾಗಷ್ಟ ಐತ್ರಿ, ಕೆಳಗ ಬರದಿಲ್ಲ. ಶಾಪಿನ್ಯಾಗ ಮಗ್ಗ ಕಟ್ಟಾವ್ರು ಬರದದ್ದಷ್ಟ ಮಾಡ್ತಾರ್ರಿ," ಅಂದೆ.

"ಚಿತ್ರ ಬಂತಿಲ್ಲೋ? ಮುಗೀತ ಬಿಡು."

ಯಾರು ಏನು ಕೇಳಿದರೂ ಅವರದು ಅದೇ ಮಾತು. ಗಿರಾಕಿಯೂ ಚಿತ್ರಗಳನ್ನಷ್ಟೇ ತಿರುವಿ ನೋಡಿ, "ಏಕ ನಂಬರ!" ಎಂದು ಮೆಚ್ಚಿ ಸಹಿ ಹಾಕಿದ. ಮಗ್ಗ ಇಚಲಕರಂಜಿಯ ಅವನ ಕಾರ್ಖಾನೆಗೆ ಹೋಯಿತು, ಗಾರ್ಡ್ ಇಲ್ಲದೆ.

ಅಲ್ಲಿ ಅದನ್ನು ನಡೆಸುತ್ತಿದ್ದ ಇಂಡಿ ಕಡೆಯ ಕೆಲಸಗಾರನ ಎರಡು ಬೆರಳು ಗಿಯರಿಗೆ ಸಿಕ್ಕಿ ಹೋದವು. ಸುದ್ದಿ ಬಂದ ಮೇಲೆ ಸಾಹೇಬರೂ ನಾನೂ ಹೋದೆವು. ಆತ ಪಟ್ಟಿ ಸುತ್ತಿದ ಕೈಯಿಂದಲೇ ಗಿಯರ್ ತೋರಿಸಿ, "ಇಲ್ಲೇ ಸಿಕ್ತ ನೋಡ್ರಿ ಸಾಹೇಬ್ರ," ಅಂದ.

ಸಾಹೇಬರು ಕನ್ನಡಕ ಹಣೆಗೇರಿಸಿ ಮೊಬೈಲ್ ಎತ್ತಿದರು.

"ರಿಪೋರ್ಟಿಗೆ ಒಂದ್ ಫೋಟೋ ಬೇಕಾಗೇತಿ. ಕೈ ಸ್ವಲ್ಪ ಬಾಜೂಕ ತಗೋರಿ ಅಣ್ಣಾ, ಚಿತ್ರದಾಗ ಬರಾಕತ್ತೈತಿ."